ಕೈ ಬಲಕ್ಕೆ ಹೋದ್ರೆ ಕತ್ತರಿ ಎಡಕ್ಕೆ!

ಕನ್ನಡಿ ನೋಡ್ಕೊಂಡು ನಿಮ್ಮ ಕೂದಲನ್ನು ನೀವೇ ಕತ್ತರಿಸಿಕೊಂಡಿದ್ದೀರಾ? ಲಾಕ್‌ಡೌನ್‌ನಲ್ಲಿ ಬಹಳ ಜನ ಈ ಸಾಹಸ ಮಾಡಿದ್ರು. ಕಣ್ಣು ಒಂದು ಹೇಳುತ್ತೆ, ಕೈ ಇನ್ನೊಂದು ಮಾಡುತ್ತೆ. ಲ್ಯಾಪ್ರೊಸ್ಕೋಪಿ ಕಲಿಯೋಕೆ ಬಂದ ಹೊಸ ಸರ್ಜನ್‌ಗಳ ಪಾಡೂ ಮೊದಮೊದಲು ಹೀಗೇ.

ಹೊಟ್ಟೆಯ ಮೇಲೆ 5ರಿಂದ 10 ಮಿಲಿಮೀಟರ್‌ನ ಸಣ್ಣ ತೂತುಗಳು. ಅವುಗಳ ಮೂಲಕ ಕ್ಯಾಮೆರಾ, ಉದ್ದನೆಯ ಉಪಕರಣಗಳು ಒಳಗೆ ಹೋಗುತ್ತವೆ. ಡಾಕ್ಟರ ಕಣ್ಣು ಇರೋದು ಪರದೆ ಮೇಲೆ. ಉಪಕರಣವೋ, ತೂತಿನ ಬಳಿ ಸೀ-ಸಾ ಥರ ಆಡುತ್ತೆ: ಹಿಡಿಯನ್ನು ಬಲಕ್ಕೆ ಸರಿಸಿದರೆ ತುದಿ ಎಡಕ್ಕೆ, ಮೇಲೆತ್ತಿದರೆ ತುದಿ ಕೆಳಕ್ಕೆ. ಇದೇ ಫಲ್ಕ್ರಮ್ ಎಫೆಕ್ಟ್. ಪರದೆ ಚಪ್ಪಟೆ, ಹಾಗಾಗಿ ಆಳ ಗೊತ್ತಾಗೋದಿಲ್ಲ. ಪಕ್ಕದಲ್ಲೇ ರಕ್ತನಾಳ, ಪಿತ್ತನಾಳ. ಅಂದಾಜು ತಪ್ಪಿದರೆ ಬೆಲೆ ತೆರೋದು ಮೇಜಿನ ಮೇಲೆ ಮಲಗಿರೋರು.

ಅದಕ್ಕೇ, ತಪ್ಪು ಮಾಡೋಕಂತಲೇ ಒಂದು ಡಬ್ಬ ಇದೆ, ಬಾಕ್ಸ್ ಟ್ರೇನರ್. ಒಳಗೆ ಸಾಲು ಗೂಟಗಳು, 6 ರಬ್ಬರ್ ತುಂಡುಗಳು. ಎಡಗೈ ಉಪಕರಣದಿಂದ ಒಂದೊಂದನ್ನೇ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಆಚೆ ಬದಿಯ ಗೂಟಕ್ಕೆ ಹಾಕಬೇಕು. ಆಮೇಲೆ ಎಲ್ಲವನ್ನೂ ಹಾಗೇ ವಾಪಸ್. ಗಡಿಯಾರ ಓಡ್ತಾ ಇರುತ್ತೆ! ಮಕ್ಕಳಾಟದಂತೆ ಕಂಡರೂ, ಅಮೆರಿಕದಲ್ಲಿ ಜನರಲ್ ಸರ್ಜರಿಯ ಬೋರ್ಡ್ ಮಾನ್ಯತೆಗೆ ಪಾಸಾಗಬೇಕಾದ ಎಫ್‌ಎಲ್‌ಎಸ್ ಪರೀಕ್ಷೆಯಲ್ಲಿ ಇದೂ ಒಂದು ಭಾಗ. ಗಾಜ್ ಬಟ್ಟೆಯಲ್ಲಿ ವೃತ್ತ ಕತ್ತರಿಸೋದು, ಹೊಲಿಗೆ ಹಾಕಿ ಗಂಟು ಬಿಗಿಯೋದೂ ಅದರಲ್ಲಿವೆ.

ಗೇಮ್ ಆಡೋರಿಗೆ ಒಂದು ಖುಷಿಯ ಸುದ್ದಿ. 2007ರಲ್ಲಿ ಪ್ರಕಟವಾದ, 33 ಸರ್ಜನ್‌ಗಳ ಒಂದು ಅಧ್ಯಯನದಲ್ಲಿ, ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ವಿಡಿಯೊ ಗೇಮ್ ಆಡಿದ್ದವರು ಇಂಥ ಅಭ್ಯಾಸಗಳಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಇದನ್ನು ಅಮ್ಮನಿಗೆ ತೋರಿಸೋಕೆ ಮುಂಚೆ ಯೋಚಿಸಿ: ಗೇಮ್‌ನಿಂದ ಕೈ ಚುರುಕಾಯಿತೋ, ಕೈ ಚುರುಕಿದ್ದವರೇ ಗೇಮ್ ಆಡ್ತಿದ್ದರೋ, ಅಧ್ಯಯನ ಹೇಳೋದಿಲ್ಲ.

ನನಗೆ ಮುಖ್ಯ ಅನಿಸೋದು ಬೇರೆ. ಒಂದೇ ದಿನ ಎಲ್ಲ ಕಲಿಯೋದಕ್ಕಿಂತ, ಅಷ್ಟೇ ಅಭ್ಯಾಸವನ್ನು ವಾರಗಳಿಗೆ ಹಂಚಿಕೊಂಡರೆ ಕೈಗೆ ಚೆನ್ನಾಗಿ ಹತ್ತುತ್ತೆ. ಒಂದು ದಿನದ ವರ್ಕ್‌ಶಾಪ್, ಸರ್ಟಿಫಿಕೇಟ್, ಗ್ರೂಪ್ ಫೋಟೊ ಸಾಲದು. ಆದರೆ 24 ಗಂಟೆ ಡ್ಯೂಟಿ ಮುಗಿಸಿದ ಪಿಜಿಗೆ ಟೈಮ್ ಎಲ್ಲಿದೆ? ಲ್ಯಾಬ್‌ಗೂ ಅಷ್ಟೊತ್ತಿಗೆ ಬೀಗ ಬಿದ್ದಿರುತ್ತೆ.

ಅದಕ್ಕೇ ಕೆಲವರು ರೂಮಲ್ಲೇ ಡಬ್ಬ ಕಟ್ಟಿಕೊಳ್ತಾರೆ. ಪ್ಲಾಸ್ಟಿಕ್ ಡಬ್ಬದ ಮುಚ್ಚಳಕ್ಕೆ ಎರಡು ತೂತು, ಒಳಗೊಂದು ಎಲ್‌ಇಡಿ, ಮೇಲೆ ಕ್ಯಾಮೆರಾಕ್ಕೆ ಮೊಬೈಲ್. ರಬ್ಬರ್ ತುಂಡಿನ ಬದಲು ಕಡಲೆಕಾಳು. ಅದು ಕೈಗೆ ಬಂದ ಮೇಲೆ ದ್ರಾಕ್ಷಿ: ತಿರುಳಿಗೆ ಗಾಯವಾಗದಂತೆ ಸಿಪ್ಪೆ ಬಿಡಿಸಬೇಕು, ಪರದೆ ನೋಡ್ಕೊಂಡೇ.