ಹಳೆಯ ಎಂಜಿನ್‌ಗೆ ಯಾವ ಕ್ಯಾಮ್?

ಹಳೆಯ ಕಾರಿನ ಎಂಜಿನ್ ಬಿಚ್ಚಿ, ಬ್ಲಾಕನ್ನು ರೀಬೋರಿಗೆ ಕೊಟ್ಟ ಹೊತ್ತಿನಲ್ಲೇ ಕ್ಯಾಮ್‌ಶಾಫ್ಟ್ ಬದಲಿಸುವ ಆಸೆ ಹುಟ್ಟುತ್ತದೆ. ಹೇಗೂ ಬಿಚ್ಚಿದ್ದಾಗಿದೆ, ಜೋಡಿಸುವಾಗ ಇನ್ನಷ್ಟು ಶಕ್ತಿ ಬರುವಂಥದ್ದನ್ನೇ ಹಾಕೋಣ ಅನ್ನಿಸುವುದು ಸಹಜ, ಆಸೆಯಲ್ಲಿ ತಪ್ಪೂ ಇಲ್ಲ. ಆದರೆ ಅಚ್ಚುಕಟ್ಟಾಗಿ ಓವರಾಲ್ ಆದ ಎಷ್ಟೋ ಎಂಜಿನ್‌ಗಳು ರಸ್ತೆಗೆ ಬಂದಮೇಲೆ ಸೊರಗುವುದು ಈ ಒಂದು ಆಯ್ಕೆಯಿಂದಲೇ. ಅಳತೆ ಮೀರಿದ ಕ್ಯಾಮ್ ಹಾಕಿರುತ್ತಾರೆ.

ಒಂದು ನಿಜವಾದ ಎಂಜಿನ್ ಹಿಡಿದೇ ಮಾತಾಡೋಣ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಬಿಎಂಸಿ ಕಂಪನಿಯ ‘ಬಿ’ ಸರಣಿಯ 1798 ಸಿಸಿ ಎಂಜಿನ್. ನಮಗೆ ಇದು ಪರಕೀಯವಲ್ಲ. ನಮ್ಮ ಅಂಬಾಸಿಡರ್ ಬಹುಕಾಲ ಓಡಿದ್ದು ಇದೇ ಸರಣಿಯ 1489 ಸಿಸಿ ಎಂಜಿನ್ ಮೇಲೆ. ಎರಡರ ಸ್ಟ್ರೋಕ್ ಕೂಡ ಒಂದೇ, 88.9 ಮಿ.ಮೀ. ಕ್ಯಾಮ್‌ಶಾಫ್ಟ್ ಇರುವುದು ಬ್ಲಾಕಿನೊಳಗೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಚೈನಿನ ಮೂಲಕ ಅದು ಒಂದು ಸುತ್ತು ತಿರುಗುತ್ತದೆ. ಅದರ ಉಬ್ಬುಗಳು ಟ್ಯಾಪೆಟ್ಟನ್ನು ಎತ್ತುತ್ತವೆ, ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತದೆ, ಪುಶ್‌ರಾಡ್ ರಾಕರನ್ನು, ರಾಕರ್ ವಾಲ್ವನ್ನು.

ಆ ಉಬ್ಬಿನ ಆಕಾರವೇ ಎಂಜಿನ್ನಿನ ಸ್ವಭಾವ. ಎಂಜಿಬಿಯ ಮೂಲ ಕ್ಯಾಮ್‌ನಲ್ಲಿ ಇನ್‌ಲೆಟ್ ವಾಲ್ವ್ ತೆರೆಯುವುದು ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮೊದಲು. ಮುಚ್ಚುವುದು ಕೆಳತುದಿ ದಾಟಿ 56 ಡಿಗ್ರಿ ಆದಮೇಲೆ. ನಡುವಿನ 180 ಸೇರಿಸಿದರೆ ವಾಲ್ವ್ ತೆರೆದಿರುವ ಅವಧಿ ಒಟ್ಟು 252 ಡಿಗ್ರಿ. ಎಕ್ಸಾಸ್ಟ್ ವಾಲ್ವ್ ಕೆಳತುದಿಗೆ 51 ಡಿಗ್ರಿ ಮೊದಲು ತೆರೆದು, ಮೇಲ್ತುದಿ ದಾಟಿ 21 ಡಿಗ್ರಿಗೆ ಮುಚ್ಚುತ್ತದೆ. ಅದರ ಅವಧಿಯೂ 252. ಹೀಗಾಗಿ ಮೇಲ್ತುದಿಯ ಆಸುಪಾಸಿನ 37 ಡಿಗ್ರಿಯಷ್ಟು ಹೊತ್ತು ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುತ್ತವೆ. ಇದೇ ಓವರ್‌ಲ್ಯಾಪ್.

ಕೆಳತುದಿ ದಾಟಿ ಪಿಸ್ಟನ್ ಮೇಲೇರುತ್ತಿರುವಾಗಲೂ ಇನ್‌ಲೆಟ್ ವಾಲ್ವನ್ನು ಏಕೆ ತೆರೆದಿಟ್ಟಿದ್ದಾರೆ? ವೇಗವಾಗಿ ನುಗ್ಗುವ ಗಾಳಿಗೂ ತೂಕವಿದೆ, ಓಟವಿದೆ. ಎಂಜಿನ್ ಜೋರಾಗಿ ತಿರುಗುವಾಗ ಆ ಓಟದ ಬಲದಲ್ಲಿ ಪಿಸ್ಟನ್ ಮೇಲೆ ಬರುತ್ತಿದ್ದರೂ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ನಿಧಾನವಾಗಿ ತಿರುಗುವಾಗ ಆ ಬಲವಿಲ್ಲ. ಒಳಗೆ ಬಂದದ್ದನ್ನೇ ಪಿಸ್ಟನ್ ವಾಪಸು ಹೊರಗೆ ತಳ್ಳಿಬಿಡುತ್ತದೆ. ಅವಧಿ ಹೆಚ್ಚಿರುವ ಕ್ಯಾಮ್ ಮೇಲಿನ ಆರ್‌ಪಿಎಂನಲ್ಲಿ ಕೊಡುವುದನ್ನು ಕೆಳಗಿನ ಆರ್‌ಪಿಎಂನಿಂದ ಕಿತ್ತುಕೊಂಡೇ ಕೊಡುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಈ ಎಂಜಿನ್ನಿನ ಕನೆಕ್ಟಿಂಗ್ ರಾಡಿನ ಉದ್ದ 165.1 ಮಿ.ಮೀ. 56 ಡಿಗ್ರಿಗೆ ವಾಲ್ವ್ ಮುಚ್ಚುವಷ್ಟರಲ್ಲಿ ಪಿಸ್ಟನ್ ಸುಮಾರು 15 ಮಿ.ಮೀ. ಮೇಲೇರಿರುತ್ತದೆ. ನಿಜವಾದ ಕಂಪ್ರೆಷನ್ ಶುರುವಾಗುವುದೇ ಅಲ್ಲಿಂದ. ಹಾಗಾಗಿ ಕಾಗದದ ಮೇಲಿನ 8.8 ಅನುಪಾತ ಆಚರಣೆಯಲ್ಲಿ 7.4ರ ಆಸುಪಾಸಿಗೆ ಇಳಿಯುತ್ತದೆ. ಈಗ 66 ಡಿಗ್ರಿಗೆ ಮುಚ್ಚುವ ರೇಸ್ ಸ್ವಭಾವದ ಕ್ಯಾಮ್ ಹಾಕಿ ಬೇರೇನನ್ನೂ ಮುಟ್ಟದೆ ಬಿಟ್ಟೆವು ಅನ್ನಿ. ಪಿಸ್ಟನ್ 21 ಮಿ.ಮೀ. ಏರಿದ ಮೇಲೆ ವಾಲ್ವ್ ಮುಚ್ಚುತ್ತದೆ, ಅನುಪಾತ 6.9ಕ್ಕೆ ಕುಸಿಯುತ್ತದೆ. ಕಳೆದದ್ದನ್ನು ತುಂಬಿಕೊಳ್ಳಲು ಹೆಡ್ಡನ್ನು ಸಾಣೆ ಹಿಡಿಸಿಯೋ ಪಿಸ್ಟನ್ ಬದಲಿಸಿಯೋ ಮೂಲ ಅನುಪಾತವನ್ನು ಸುಮಾರು 9.5ಕ್ಕೆ ಏರಿಸಬೇಕು. ಇದನ್ನು ಮಾಡಿಸದೆ ದೊಡ್ಡ ಕ್ಯಾಮ್ ಮಾತ್ರ ಹಾಕಿಸಿಕೊಂಡವರ ಕಾರು ದಿಬ್ಬದಲ್ಲಿ ಮೊದಲಿಗಿಂತ ಬೇಗ ಗೇರ್ ಕೇಳುತ್ತದೆ.

ಬಿ ಸರಣಿಗೆ ಇನ್ನೊಂದು ತೊಡಕಿದೆ, ಅದು ಹೆಡ್ಡಿನದು. ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟ್ ಇರುವುದು ಎರಡೇ: ಒಂದು ಮತ್ತು ಎರಡನೆಯ ಸಿಲಿಂಡರಿಗೆ ಒಂದು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಫೈರಿಂಗ್ ಕ್ರಮ 1-3-4-2 ಆದ್ದರಿಂದ ಜೋಡಿಯ ಒಂದು ಸಿಲಿಂಡರ್ ಎಳೆದ 180 ಡಿಗ್ರಿಗೇ ಪಕ್ಕದ್ದೂ ಎಳೆಯತೊಡಗುತ್ತದೆ. ಅವಧಿ 252 ಇದ್ದರೆ 72 ಡಿಗ್ರಿಯಷ್ಟು ಹೊತ್ತು ಎರಡೂ ಬಾಯಿ ತೆರೆದುಕೊಂಡಿರುತ್ತವೆ. ಒಂದೇ ಪೈಪಿನಿಂದ ಎರಡು ಮನೆಗೆ ಒಟ್ಟಿಗೆ ನೀರು ಬಿಟ್ಟಂತೆ, ಪಾಲು ಸಮನಾಗುವುದಿಲ್ಲ. ಅವಧಿಯನ್ನು 280ಕ್ಕೆ ಏರಿಸಿದರೆ ಈ ಕಿತ್ತಾಟ 100 ಡಿಗ್ರಿಗೆ ಬೆಳೆಯುತ್ತದೆ. ಪ್ರತಿ ಸಿಲಿಂಡರಿಗೂ ಬೇರೆ ಪೋರ್ಟ್ ಇರುವ ಎಂಜಿನ್ ಸಹಿಸಿಕೊಳ್ಳುವ ಕ್ಯಾಮನ್ನು ಈ ಹೆಡ್ ಸಹಿಸುವುದಿಲ್ಲ. ಬೇರೆ ಕಾರಿನವರ ಸಲಹೆಯನ್ನು ಇಲ್ಲಿಗೆ ಹಾಗೇ ತರಬಾರದು.

ಹಾಗಾದರೆ ಯಾವುದು ಸರಿ? ಕಾರು ಯಾವ ಆರ್‌ಪಿಎಂನಲ್ಲಿ ದಿನ ಕಳೆಯುತ್ತದೆ ಅನ್ನುವುದೇ ಉತ್ತರ. ಎಂಜಿಬಿ ಟಾಪ್ ಗೇರಿನಲ್ಲಿ ಪ್ರತಿ 1000 ಆರ್‌ಪಿಎಂಗೆ ಗಂಟೆಗೆ ಸುಮಾರು 29 ಕಿ.ಮೀ. ವೇಗ ಕೊಡುತ್ತದೆ. 60ರಲ್ಲಿ ಹೋಗುವಾಗ ಎಂಜಿನ್ ತಿರುಗುವುದು 2100ರಲ್ಲಿ, 100ರಲ್ಲಿ 3500ಕ್ಕಿಂತ ತುಸು ಕಡಿಮೆ. ಮೂಲ ಎಂಜಿನ್ನಿನ ಗರಿಷ್ಠ ಟಾರ್ಕ್ ಬರುವುದು 3000ದಲ್ಲಿ, ಗರಿಷ್ಠ ಶಕ್ತಿಯಾದ 95 ಬಿಎಚ್‌ಪಿ ಬರುವುದು 5400ರಲ್ಲಿ. 4000 ದಾಟಿದ ಮೇಲೆ ಜೀವ ಬರುವ ಕ್ಯಾಮ್ ಈ ಕಾರಿಗೆ ರಸ್ತೆಯ ಮೇಲೆ ಏನು ಮಾಡೀತು? ರಸ್ತೆಗಾದರೆ ಅವಧಿ 260ರಿಂದ 270ರೊಳಗಿರಲಿ. ಅವಧಿಗಿಂತ ವಾಲ್ವಿನ ಲಿಫ್ಟ್ ತುಸು ಹೆಚ್ಚಿರುವುದನ್ನು ಆರಿಸಿ. ಬರೀ ಲಿಫ್ಟ್ ಹೆಚ್ಚಿದರೆ ಕೆಳಗಿನ ಎಳೆತ ಹೋಗುವುದಿಲ್ಲ. ಆದರೆ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡು ಸುರುಳಿಗಳು ಒಂದಕ್ಕೊಂದು ತಾಗುತ್ತವೆಯೇ, ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆಯೇ ಎಂದು ಪರೀಕ್ಷಿಸಲೇಬೇಕು. ಕಾರ್ಬುರೇಟರಿನ ನೀಡಲ್ ಬದಲಾಗಬೇಕಾಗಬಹುದು, ಇಗ್ನಿಷನ್ ಟೈಮಿಂಗ್ ಮತ್ತೆ ಹೊಂದಿಸಬೇಕು.

ಕ್ಯಾಟಲಾಗಿನ ಅಂಕಿ ನೋಡುವಾಗ ಎಚ್ಚರ. ಒಬ್ಬ ತಯಾರಕ ಅವಧಿಯನ್ನು ವಾಲ್ವ್ ಸೀಟಿನಿಂದ ಎದ್ದ ಕ್ಷಣದಿಂದ ಅಳೆಯುತ್ತಾನೆ, ಇನ್ನೊಬ್ಬ ಟ್ಯಾಪೆಟ್ 0.050 ಇಂಚು ಎದ್ದಮೇಲೆ. ಒಂದೇ ಕ್ಯಾಮಿಗೆ ಎರಡು ಅಂಕಿ ಬರುವುದು ಹೀಗೆ. ಯಾವ ಅಳತೆ ಎಂದು ಕೇಳದೆ ಹೋಲಿಸಬೇಡಿ.

ಜೋಡಿಸುವಾಗ ಸ್ಪ್ರಾಕೆಟ್ಟಿನ ಗುರುತು ಕೂಡಿಸಿದರೆ ಮುಗಿಯಿತು ಎನ್ನುವವರ ಮಾತು ನಂಬಬೇಡಿ. ಚೈನ್, ಕೀ, ಸ್ಪ್ರಾಕೆಟ್ ಎಲ್ಲದರ ಸಣ್ಣ ಸಣ್ಣ ವ್ಯತ್ಯಾಸ ಸೇರಿ ನಾಲ್ಕಾರು ಡಿಗ್ರಿ ಆಚೀಚೆ ಆಗಬಹುದು. ಕ್ರ್ಯಾಂಕಿಗೆ ಡಿಗ್ರಿ ಡಿಸ್ಕ್ ಕಟ್ಟಿ, ವಾಲ್ವಿನ ಮೇಲೆ ಡಯಲ್ ಗೇಜ್ ಇಟ್ಟು, ತಯಾರಕರು ಹೇಳಿದ ಡಿಗ್ರಿಯಲ್ಲೇ ಇನ್‌ಲೆಟ್ ಪೂರ್ಣ ತೆರೆಯುತ್ತದೆಯೇ ನೋಡಬೇಕು. ಮೂಲ ಕ್ಯಾಮಿಗೆ ಅದು ಮೇಲ್ತುದಿ ದಾಟಿ 110 ಡಿಗ್ರಿ. ತಪ್ಪಿದ್ದರೆ ಆಫ್‌ಸೆಟ್ ಕೀ ಹಾಕಿ ಸರಿಪಡಿಸಬಹುದು.

ಹೊಸ ಕ್ಯಾಮ್ ಜೊತೆ ಹಳೆಯ ಟ್ಯಾಪೆಟ್ ಹಾಕಲೇಬೇಡಿ. ಹಳೆಯ ಸವೆತ ಹೊಸ ಉಬ್ಬನ್ನು ಬೇಗನೆ ತಿಂದುಹಾಕುತ್ತದೆ. ಜಿಂಕ್ ಮತ್ತು ಫಾಸ್ಫರಸ್ ಅಂಶ ಹೆಚ್ಚಿರುವ, ಹಳೆಯ ಎಂಜಿನ್‌ಗೆಂದೇ ಬರುವ ಆಯಿಲ್ ಹಾಕಿ, ಉಬ್ಬುಗಳಿಗೆ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಬಳಿಯಿರಿ. ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗಿಗೆ ಬಿಡದೆ, 20 ನಿಮಿಷ 2000ದಿಂದ 2500 ಆರ್‌ಪಿಎಂನಲ್ಲಿ ಓಡಿಸಿ. ಈ ಉಬ್ಬುಗಳಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ. ಐಡ್ಲಿಂಗಿನಲ್ಲಿ ಅದು ಸಾಕಾಗುವುದಿಲ್ಲ.