ಘಟ್ಟದ ಮೇಲೊಂದು ಗಾಜಿನ ಕಡಲು

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಮಗೆ ಕಡಲೆಂದರೆ ಅಂಥ ಕೌತುಕವೇನೂ ಇಲ್ಲ. ಆಟಿ ತಿಂಗಳ ರಾತ್ರಿಯಲ್ಲಿ ಅದರ ಮೊರೆತ ಮೈಲು ದೂರಕ್ಕೆ ಕೇಳಿಸುತ್ತದೆ. ಉಪ್ಪು ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ. ದುಡ್ಡು ಸುರಿದು ಅದೇ ಕಡಲನ್ನು ಗಾಜಿನೊಳಗೆ ಹಿಡಿದು ಚಾವಡಿಯಲ್ಲಿ ಇಟ್ಟುಕೊಳ್ಳುವವರನ್ನು ಕಂಡರೆ ನಮಗೆ ನಗು ಬಂದೀತು. ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಮನೆಯವರ ಮಾತು ಬೇರೆ. ಮೂರೂ ಊರುಗಳು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿವೆ. ಕೊಲ್ಹಾಪುರದಿಂದ ಅಂಬಾ ಘಾಟಿ ಇಳಿದು ರತ್ನಾಗಿರಿಯ ಕಡಲು ಕಾಣಬೇಕಾದರೆ ಸುಮಾರು 130 ಕಿಲೋಮೀಟರು ಹೋಗಬೇಕು. ಸುತ್ತ ಕಬ್ಬು, ಬೆಲ್ಲದ ಗಾಣ, ವಿದ್ಯುತ್ ಮಗ್ಗ. ಅಲ್ಲಿಯ ಮಗುವಿಗೆ ಬಣ್ಣದ ಕಡಲ ಮೀನು ಎಂದರೆ ಸಿನಿಮಾದಲ್ಲಿ ಕಂಡದ್ದು.

ಈ ಹವ್ಯಾಸದ ಪುಸ್ತಕಗಳೆಲ್ಲ ಅಮೆರಿಕ, ಜರ್ಮನಿಯವರು ಬರೆದವು. ಅವರ ನೀರು ಬೇರೆ, ಕರೆಂಟು ಬೇರೆ, ಕಾನೂನೂ ಬೇರೆ. ನಮ್ಮ ಹಾಗೆಯೇ ಗಡಿಯಂಚಿನಲ್ಲಿ ಕನ್ನಡ ಮನೆಗಳಿರುವ ಆ ಮೂರು ಊರುಗಳನ್ನೇ ಕಣ್ಣ ಮುಂದಿಟ್ಟುಕೊಂಡು, ಹವಳದ ದಿಣ್ಣೆಯನ್ನು ಹೋಲುವ ದೊಡ್ಡ ಉಪ್ಪುನೀರಿನ ತೊಟ್ಟಿಯೊಂದನ್ನು ಕಟ್ಟುವುದಾದರೆ ಏನೇನು ಬೇಕು ಎಂದು ನಾವಿಲ್ಲಿ ಲೆಕ್ಕ ಹಾಕಿ ನೋಡುತ್ತೇವೆ.

ಮೊದಲು ಭಾರ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಎಂದಿಟ್ಟುಕೊಳ್ಳಿ. ಒಟ್ಟು 30 ಘನ ಅಡಿ, ಅಂದರೆ ಸುಮಾರು 850 ಲೀಟರು. ಉಪ್ಪುನೀರು ಸಿಹಿನೀರಿಗಿಂತ ತುಸು ಭಾರ. 15 ಮಿಲಿಮೀಟರು ದಪ್ಪದ ಗಾಜೇ 170 ಕಿಲೋ ತೂಗುತ್ತದೆ. ಕಲ್ಲು, ಮರಳು, ಕಬ್ಬಿಣದ ಮಂಚ, ಅದರ ಕೆಳಗೆ ನೀರು ಸೋಸಲು ಇಡುವ ಇನ್ನೊಂದು ಚಿಕ್ಕ ತೊಟ್ಟಿ ಎಲ್ಲ ಸೇರಿದರೆ ಒಂದೂವರೆ ಟನ್ನಿನ ಹತ್ತಿರ ಬರುತ್ತದೆ. ಇಷ್ಟೂ ಭಾರ ನಿಲ್ಲುವುದು ಹದಿನೈದು ಚದರ ಅಡಿಯ ಮೇಲೆ. ವಾಸದ ಮನೆಯ ಮಹಡಿಗೆ ಎಂಜಿನಿಯರರು ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಇಲ್ಲಿ ಅದರ ಐದು ಪಾಲು ಆಗುತ್ತದೆ. ಆದ್ದರಿಂದ ಮಹಡಿಯ ಆಸೆ ಬಿಟ್ಟು ನೆಲದ ಮೇಲೆಯೇ ಇಡತಕ್ಕದ್ದು.

ಇನ್ನು ನೀರು. ಕಡಲಿನಿಂದಲೇ ಟ್ಯಾಂಕರಿನಲ್ಲಿ ತಂದರೆ ಆಗದೇ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕಡಲಿಗೆ ಬೀಳುವ ಜಾಗವನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ದಡದ ನೀರೆಲ್ಲ ಕೆಂಪು, ಉಪ್ಪೂ ಕಡಿಮೆ. ಬಂದರಿನ ಹತ್ತಿರವಾದರೆ ಎಣ್ಣೆ. ಮುಂಬಯಿಯಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯ ಕಡಲ ಬದಿಯಲ್ಲಿಯೇ ಇತ್ತು, ನೀರಿಗೆ ದೂರ ಹೋಗಬೇಕಿರಲಿಲ್ಲ. ಘಟ್ಟ ಹತ್ತಿಸಿ ತರುವವರಿಗೆ ಆ ಅನುಕೂಲ ಎಲ್ಲಿಯದು? ಹಾಗಾಗಿ ಸಿಹಿನೀರಿಗೆ ಉಪ್ಪು ಬೆರೆಸಿ ಕಡಲನ್ನು ಮನೆಯಲ್ಲೇ ತಯಾರಿಸಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಡುಗೆಯ ಉಪ್ಪು ಇದಕ್ಕೆ ಒದಗದು. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಮುಂತಾದವು ಒಂದು ಹದದಲ್ಲಿವೆ. ಆ ಹದದ ಮಿಶ್ರಣವನ್ನೇ ಕೊಳ್ಳಬೇಕು. ಕೆಳಗಿನ ತೊಟ್ಟಿಯೂ ಸೇರಿ ಸಾವಿರ ಲೀಟರಿಗೆ ಮೊದಲ ದಿನವೇ 35 ಕಿಲೋಗೆ ಕಡಿಮೆಯಿಲ್ಲ.

ಉಪ್ಪು ಬೆರೆಸುವ ಸಿಹಿನೀರು ಶುದ್ಧವಾಗಿರಬೇಕು ಎಂಬಲ್ಲಿಗೆ ಇಚಲಕರಂಜಿಯ ಕಷ್ಟ ಶುರುವಾಗುತ್ತದೆ. ಪಂಚಗಂಗೆಗೆ ಊರುಗಳ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ ಕೆಟ್ಟ ಕತೆ ಹಳೆಯದು. 2012ರಲ್ಲಿ ಕುಡಿಯುವ ನೀರಿನಿಂದಲೇ ಆ ಊರಲ್ಲಿ ಕಾಮಾಲೆ ಹಬ್ಬಿತ್ತು. ನಲ್ಲಿಯ ನೀರಿನ ಕ್ಲೋರಿನ್ ಮೀನಿಗೆ ಆಗದು, ತಾಮ್ರದ ಅಂಶ ಸಿಗಡಿ-ಶಂಖಗಳಿಗೆ ವಿಷ, ರಂಜಕ ಹೆಚ್ಚಿದರೆ ತೊಟ್ಟಿಯ ತುಂಬ ಪಾಚಿ. ಆದ್ದರಿಂದ ಆರ್.ಓ. ಯಂತ್ರದಲ್ಲಿ ಸೋಸಲೇಬೇಕು. ಅದು ಒಂದು ಲೀಟರು ಒಳ್ಳೆಯ ನೀರು ಕೊಡುವಾಗ ಎರಡು-ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಸಾವಿರ ಲೀಟರಿಗೆ ಎರಡು-ಮೂರು ಸಾವಿರ! ನೀರಿಗೆ ಕೊಡ ಹಿಡಿದು ಕಾಯುವ ಓಣಿಯಲ್ಲಿ ಈ ನೀರನ್ನು ಚರಂಡಿಗೆ ಬಿಟ್ಟರೆ ನೆರೆಯವರ ಮುಖ ನೋಡುವುದು ಹೇಗೆ? ಪಾಯಿಖಾನೆಗೂ ನೆಲ ಒರೆಸುವುದಕ್ಕೂ ಅದನ್ನು ತುಂಬಿಡುವ ಏರ್ಪಾಟು ಮೊದಲೇ ಆಗಿರಬೇಕು. ತೊಟ್ಟಿಗಿಂತ ಮುಂಚೆ ಡ್ರಮ್ಮು ಕೊಳ್ಳಿ ಎಂದು ನಾವು ಹೇಳುತ್ತೇವೆ.

ತುಂಬಿದ ಮೇಲೂ ನೀರು ಆರುತ್ತಲೇ ಇರುತ್ತದೆ. ಆರಿ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಆದಕಾರಣ ದಿನವೂ ಸೇರಿಸಬೇಕಾದದ್ದು ಸಿಹಿನೀರು. ಉಪ್ಪುನೀರನ್ನೇ ಮತ್ತೆ ಮತ್ತೆ ಸುರಿದರೆ ತಿಂಗಳೊಳಗೆ ಅದು ಉಪ್ಪಿನಕಾಯಿ ಭರಣಿಯಾಗುತ್ತದೆ.

ಮೀನನ್ನು ಮಾತ್ರ ಕೂಡಲೇ ಬಿಡಬಾರದು. ಮೀನಿನ ಹೇಲು, ಉಳಿದ ತಿನಿಸು ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಮಾಡುವ ಸೂಕ್ಷ್ಮಜೀವಿಗಳು ಕಲ್ಲಿನ ರಂಧ್ರಗಳಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಖಾಲಿ ತೊಟ್ಟಿಗೆ ಕರೆಂಟು ಕೊಟ್ಟು ಕೂರಬೇಕು. ಮಕ್ಕಳು ಕಾಯುವುದಿಲ್ಲ, ಅಪ್ಪಂದಿರು ಇನ್ನೂ ಕಾಯುವುದಿಲ್ಲ. ಮೊದಲ ಮೀನುಗಳು ಸಾಯುವುದು ಹೆಚ್ಚಾಗಿ ಈ ಅವಸರದಿಂದಲೇ.

ಕರೆಂಟಿನ ಮಾತು ಬಂತು. ಪಂಪು, ದೀಪ, ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರು, ಬೇಸಿಗೆಯಲ್ಲಿ ನೀರು ತಂಪು ಮಾಡುವ ಚಿಲ್ಲರು, ಗಡಹಿಂಗ್ಲಜದ ಮಾಗಿಯ ಚಳಿಗೆ ಹೀಟರು: ಎಲ್ಲಕ್ಕೂ ಕರೆಂಟು. ನೀರು ಇಪ್ಪತ್ತೈದು-ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು, ಏಪ್ರಿಲ್-ಮೇ ತಿಂಗಳ ಕೊಲ್ಹಾಪುರದ ಹಗಲೋ ಅದಕ್ಕಿಂತ ಹತ್ತು ಡಿಗ್ರಿ ಮೇಲೆ. ಇಚಲಕರಂಜಿಯವರಿಗೆ ಕರೆಂಟು ಹೋಗುವುದು ಹೊಸದಲ್ಲ. ಆದರೆ ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಬಂದರೆ ಮತ್ತೆ ಓಡುತ್ತದೆ. ತೊಟ್ಟಿಯ ಮೀನು ಹಾಗಲ್ಲ. ನೀರು ಕಲಕದೆ ನಿಂತರೆ ಕೆಲವೇ ಗಂಟೆಗಳಲ್ಲಿ ಪ್ರಾಣವಾಯು ಮುಗಿಯುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ಕೊಲ್ಹಾಪುರ ಹೇಗಿತ್ತೆಂದು ನೆನೆದರೆ ಸಾಕು. ಇನ್ವರ್ಟರು, ಅದಕ್ಕೊಂದು ಬ್ಯಾಟರಿಯ ಗಾಳಿಪಂಪು ಆಡಂಬರವಲ್ಲ.

ಪಂಪು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? 1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ಒಯ್ದು ಸಾಕಿದಳು. ನೀರಿಗೆ ಗಾಳಿ ಸೇರಲೆಂದು ಅದನ್ನು ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನವೂ ಅರ್ಧ-ಮುಕ್ಕಾಲು ಗಂಟೆ ಎತ್ತಿ ಹೊಯ್ಯಬೇಕಿತ್ತು, ಚಹಾ ಆರಿಸಿದ ಹಾಗೆ. ಹೊಯ್ದವಳು ಮನೆಗೆಲಸದ ಹುಡುಗಿ. ಚರಿತ್ರೆಯಲ್ಲಿ ಯಜಮಾನಿಯ ಹೆಸರು ಉಳಿಯಿತು. ಇಂದಿಗೂ ತೊಟ್ಟಿ ಕೊಳ್ಳುವವನು ಗಂಡಸು, ಅವನು ಅಂಗಡಿಗೆ ಹೋದ ಮೇಲೆ ನೀರು ಹೊಯ್ಯುವವರು ಮನೆಯ ಹೆಂಗಸರು. ಅವರನ್ನು ಕೇಳದೆ ತೊಟ್ಟಿ ತರಬಾರದು.

ಈಗ ಹವಳದ ವಿಷಯ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳ ಒಟ್ಟು ಕುಟುಂಬ. ಮೈಯೊಳಗೆ ಪಾಚಿಯ ಕಣಗಳನ್ನು ಇಟ್ಟುಕೊಂಡು, ಅವು ಬಿಸಿಲಿನಲ್ಲಿ ತಯಾರಿಸಿದ್ದನ್ನು ತಾನೂ ತಿಂದು, ನೀರಿನ ಸುಣ್ಣ ಹೀರಿ ಕಲ್ಲಿನ ಮನೆ ಕಟ್ಟುತ್ತದೆ. ಅದಕ್ಕೆಂದೇ ಯುರೋಪಿನ ಹವ್ಯಾಸಿಗಳು ರಾತ್ರಿ ಹೊತ್ತು ಸುಣ್ಣದ ತಿಳಿನೀರನ್ನು ತೊಟ್ಟಿಗೆ ಹನಿಹನಿಯಾಗಿ ಬಿಡುತ್ತಾರೆ. ನಾವು ವೀಳ್ಯದೆಲೆಗೆ ಸವರುವ ಸುಣ್ಣವೇ ಅದು! ಅಲ್ಲಿ ದಾಸವಾಳದ ಗೆಲ್ಲು ನೆಟ್ಟ ಹಾಗೆ ಹವಳದ ತುಂಡು ನೆಟ್ಟು ಬೆಳೆಸಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ.

ಇಲ್ಲಿ ಅದು ನಡೆಯದು. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಗೆ 2001ರಲ್ಲಿ ದಿಣ್ಣೆ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಸೇರಿಸಲಾಯಿತು. ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ, ಕಡಲಕುದುರೆಗಳೂ ಜೊತೆಗಿವೆ. ಹುಲಿ ಇರುವ ಪಟ್ಟಿಯದು. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ, ಜೊತೆಗೆ ದಂಡ. ‘ಲೈವ್ ರಾಕ್’ ಎಂದು ಮಾರುವ ಕಲ್ಲನ್ನು ನಮ್ಮ ದಿಣ್ಣೆಗಳಿಂದ ಒಡೆದು ತಂದಿದ್ದರೆ ಅದೂ ಹವಳವೇ. ವಿದೇಶದ್ದು ಎಂದರೆ ಆಮದಿನ ಕಾಗದಪತ್ರ ಕೇಳಿ ನೋಡಬೇಕು. (ಉಂಗುರದ ಕೆಂಪು ಹವಳ ಬೇರೆ ಜಾತಿ, ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನದು, ಅಜ್ಜಿಯ ಉಂಗುರಕ್ಕೆ ಹೆದರಬೇಕಾಗಿಲ್ಲ.)

ಕಾನೂನು ಅತಿಯಾಯಿತೆಂದು ಗೊಣಗುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ನಮ್ಮ ಕರಾವಳಿಯ ಎದುರಿಗಿರುವ ಲಕ್ಷದ್ವೀಪ ಇಡಿಯಾಗಿ ಹವಳ ಕಟ್ಟಿದ ನೆಲ. ಕಡಲು ಬಿಸಿಯಾಗಿ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಅಲ್ಲಿಯ ಹವಳ ಬಿಳುಚಿತು. ಒಳಗಿನ ಪಾಚಿಯನ್ನು ಹೊರಹಾಕಿ ಹಸಿವಿನಿಂದ ಸೊರಗಿತು. ಕೊಲ್ಹಾಪುರದ ಚಾವಡಿಯಲ್ಲಿ ಚಿಲ್ಲರು ಇಟ್ಟು ಇಪ್ಪತ್ತಾರು ಡಿಗ್ರಿ ಕಾಯಬಹುದು, ಲಕ್ಷದ್ವೀಪಕ್ಕೆ ಚಿಲ್ಲರು ಇಡುವವರು ಯಾರು? ಮನ್ನಾರ್ ಕೊಲ್ಲಿಯಲ್ಲಿ ವಿಜ್ಞಾನಿಗಳು ಹವಳದ ತುಂಡುಗಳನ್ನು ಕಟ್ಟಿ ದಿಣ್ಣೆ ಮತ್ತೆ ಬೆಳೆಸಲು ಒದ್ದಾಡುತ್ತಿರುವಾಗ, ಉಳಿದದ್ದನ್ನು ಕಿತ್ತು ಡ್ರಾಯಿಂಗ್ ರೂಮಿಗೆ ಸಾಗಿಸುವುದು ಯಾವ ನ್ಯಾಯ?

ಹಾಗಾದರೆ ತೊಟ್ಟಿಯಲ್ಲಿ ಏನಿಡುವುದು? ಸಿಮೆಂಟಿನಿಂದಲೋ ಸೆರಾಮಿಕ್ಕಿನಿಂದಲೋ ಮಾಡಿದ ರಂಧ್ರದ ಕಲ್ಲು ಸಾಕು. ಸಿಮೆಂಟಿನದಾದರೆ ಕೆಲವು ವಾರ ಸಿಹಿನೀರು ಬದಲಿಸುತ್ತ ನೆನೆಹಾಕಿ ಕ್ಷಾರ ತೆಗೆಯಬೇಕು. ಮೀನಿಗೆ ಮನೆತನದ ಸಂಬಂಧ ವಿಚಾರಿಸಿದಂತೆ ಹುಟ್ಟಿದ ಊರು ವಿಚಾರಿಸಬೇಕು. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವಿಳಿಂಞಂ, ಮಂಡಪಂಗಳಲ್ಲಿ ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಸಾಕಿದ ನೀರಿಗೆ ಒಗ್ಗಿರುತ್ತದೆ, ಬೇಗ ಸಾಯುವುದಿಲ್ಲ. ಇದರ ಸಂಸಾರವೂ ಸ್ವಾರಸ್ಯದ್ದು: ಎಲ್ಲವೂ ಮೊದಲು ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗಿ ಯಜಮಾನಿಕೆ ವಹಿಸುತ್ತದೆ. ಕಲ್ಲಿಗೋ ಹಂಚಿಗೋ ಅಂಟಿಸಿದ ಮೊಟ್ಟೆಗಳಿಗೆ ರೆಕ್ಕೆ ಬೀಸಿ ಗಾಳಿ ಹಾಕುವ ಕೆಲಸ ಹೆಚ್ಚಾಗಿ ಗಂಡಿನದೇ. ವಾರದ ಬಳಿಕ ಮೊಟ್ಟೆ ಒಡೆಯುವುದು ಕತ್ತಲಲ್ಲಿ.

ನಿಜವಾದ ಹವಳ ನೋಡುವ ಆಸೆ ತೀರದವರಿಗೆ ಕೊಲ್ಹಾಪುರದಿಂದ ಮಾಲ್ವಣ ಬಹು ದೂರವಲ್ಲ. ಅಲ್ಲಿಯ ಕಡಲು 1987ರಿಂದ ಅಭಯಾರಣ್ಯ. ನಮಗಾದರೆ ಮುರುಡೇಶ್ವರದೆದುರಿನ ನೇತ್ರಾಣಿ ಇದೆ. ಗಡಹಿಂಗ್ಲಜದವರಿಗೆ ದಾರಿಯಲ್ಲೇ ಇನ್ನೊಂದಿದೆ. ಅವರ ಊರ ಹಿರಣ್ಯಕೇಶಿ ಹುಟ್ಟುವ ಅಂಬೋಲಿಯ ಗುಡಿಯ ಹತ್ತಿರದ ನೀರಿನಲ್ಲಿ ಸಿಕ್ಕ ಪುಟ್ಟ ಮೀನೊಂದಕ್ಕೆ 2020ರಲ್ಲಿ ವಿಜ್ಞಾನಿಗಳು ಆ ನದಿಯದೇ ಹೆಸರಿಟ್ಟರು. ಮರು ವರ್ಷ ಆ ಜಾಗವನ್ನು ಸರಕಾರ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಸಾರಿತು. ಅಲ್ಲಿ ಬಗ್ಗಿ ನೋಡಿ ಬರಬಹುದು, ಬಾಟಲಿ ಒಯ್ಯಬಾರದು.

ತೊಟ್ಟಿ ಇಟ್ಟೇ ಇಡುವೆನೆಂಬ ಮನೆಗೆ ಇಷ್ಟು ಹೇಳಿಬಿಡುತ್ತೇವೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು, ಅಂದರೆ ನೂರು ಲೀಟರಿನಷ್ಟು ಉಪ್ಪುನೀರು ತೆಗೆದು ಹೊಸದು ಹಾಕಬೇಕು. ತೆಗೆದ ನೀರನ್ನು ಅಂಗಳದ ತುಳಸಿಗೂ ಬಾಳೆಗೂ ಹೊಯ್ಯದಿರಿ. ಊರಿಗೆ ಹೋಗುವ ದಿನ ಬೀಗದ ಕೈಯ ಜೊತೆಗೆ ತಿನಿಸಿನ ಡಬ್ಬಿಯನ್ನು ನೆರೆಮನೆಯವರಿಗೆ ಕೊಡಬೇಡಿ. ಒಂದೊಂದು ದಿನದ ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ, ತಾರೀಕು ಬರೆದು ಕೊಡಿ. ಪ್ರೀತಿಯಿಂದ ಹಿಡಿ ತುಂಬ ಹಾಕುವವರೇ ಹೆಚ್ಚು.