ರಿಮ್‌ಫೈರ್ ಕಾಡತೂಸಿನ ತಯಾರಿಕೆ ಮತ್ತು ಉತ್ಪಾದನಾ ವೆಚ್ಚ

ಎನ್.ಸಿ.ಸಿ.ಗೆ ಸೇರಿದ ನಮ್ಮ ವಿದ್ಯಾರ್ಥಿಗಳು ಗುರಿಯಭ್ಯಾಸಕ್ಕೆ ಬಳಸುವ 0.22 ಅಂಗುಲದ ರೈಫಲ್ಲಿನ ಪುಟ್ಟ ಕಾಡತೂಸನ್ನು ಅನೇಕರು ನೋಡಿರಬಹುದು. ಕಾಡತೂಸುಗಳಲ್ಲೆಲ್ಲ ಇದು ಅಗ್ಗವಾದುದೆಂದು ಪ್ರಸಿದ್ಧವಾಗಿದೆ. ಈ ಅಗ್ಗತನಕ್ಕೆ ಕಾರಣವೇನು, ಅದರ ಮಿತಿಗಳಾವುವು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಈ ವರ್ಗದ ಮೂಲರೂಪವನ್ನು ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ನಿರ್ಮಿಸಿದನು. ಅಮೆರಿಕದ ಸ್ಮಿತ್ ಮತ್ತು ವೆಸನ್ ಸಂಸ್ಥೆ 1857ರಲ್ಲಿ 0.22 ಅಂಗುಲದ ಕಾಡತೂಸನ್ನು ಮಾರುಕಟ್ಟೆಗೆ ತಂದಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ರೂಪವು 1887ರದು. ದೊಡ್ಡ ಕಾಡತೂಸುಗಳಲ್ಲಿ ಕಿಡಿ ಹುಟ್ಟಿಸುವ ಸಿಡಿಮದ್ದನ್ನು ಪ್ರತ್ಯೇಕವಾದ ಸಣ್ಣ ಬಟ್ಟಲಿನಲ್ಲಿಟ್ಟು ತಳದ ನಡುವೆ ಕೂರಿಸುತ್ತಾರೆ. ರಿಮ್‌ಫೈರ್‌ನಲ್ಲಿಯಾದರೋ ಆ ಬಟ್ಟಲೇ ಇಲ್ಲ. ಕೋಶದ ತಳದಂಚಿನ ಟೊಳ್ಳು ಮಡಿಕೆಯೊಳಗೇ ಸಿಡಿಮದ್ದು ಇರುತ್ತದೆ. ಬಂದೂಕಿನ ಮೊಳೆಯು ಆ ಅಂಚನ್ನು ಜಜ್ಜಿದೊಡನೆ ಕಿಡಿ ಹೊತ್ತುತ್ತದೆ. ಹೀಗೆ ಒಂದು ಬಿಡಿಭಾಗವೂ ಅದನ್ನು ಕೂರಿಸುವ ಕೆಲಸವೂ ಉಳಿಯುತ್ತವೆ. ಆದರೆ ಜಜ್ಜಿದ ಅಂಚನ್ನು ಮತ್ತೆ ಸರಿಪಡಿಸಲಾಗದಾದುದರಿಂದ ಖಾಲಿ ಕೋಶವನ್ನು ಪುನಃ ತುಂಬಿ ಬಳಸುವುದು ವ್ಯವಹಾರದಲ್ಲಿ ಸಾಧ್ಯವಿಲ್ಲ. ಅಂಚು ತೆಳುವಾಗಿಯೇ ಇರಬೇಕಾದುದರಿಂದ ಹೆಚ್ಚಿನ ಒತ್ತಡವನ್ನೂ ಅದು ತಾಳಲಾರದು.

ಕೋಶಕ್ಕೆ ಸಾಮಾನ್ಯವಾಗಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಇರುವ ಹಿತ್ತಾಳೆಯನ್ನು ಬಳಸುತ್ತಾರೆ. ಒತ್ತುಯಂತ್ರವು ಹಿತ್ತಾಳೆಯ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ ಬಟ್ಟಲಿನಾಕಾರಕ್ಕೆ ತರುತ್ತದೆ. ಅನಂತರ ಅವನ್ನು ಅಚ್ಚುಗಳ ಮೂಲಕ ನೀಳವಾಗಿ ಎಳೆಯುತ್ತಾರೆ. ಎಳೆದಂತೆಲ್ಲ ಲೋಹ ಗಡುಸಾಗುವುದರಿಂದ ನಡುವೆ ಕಾಯಿಸಿ ಮೃದುಗೊಳಿಸಬೇಕು. ಬಾಯನ್ನು ಸಮವಾಗಿ ಕತ್ತರಿಸಿ, ತಳವನ್ನು ಒತ್ತಿ ಅಂಚು ಮೂಡಿಸಿದರೆ ಕೋಶ ಸಿದ್ಧವಾಗುತ್ತದೆ.

ಮುಂದಿನ ಹಂತವೇ ಅತ್ಯಂತ ಸೂಕ್ಷ್ಮವಾದುದು. ಒಣಗಿದ ಸಿಡಿಮದ್ದು ಅಲ್ಪ ಘರ್ಷಣೆಗೂ ಸಿಡಿಯುವುದರಿಂದ ಅದನ್ನು ಒದ್ದೆಯಾಗಿರುವಾಗಲೇ ಕೋಶಕ್ಕೆ ಹಾಕುತ್ತಾರೆ. ತಿರುಗುವ ಕಡ್ಡಿಯೊಂದು ಅದನ್ನು ಅಂಚಿನ ಮಡಿಕೆಯೊಳಕ್ಕೆ ಸುತ್ತಲೂ ತಳ್ಳುತ್ತದೆ, ಬಳಿಕ ಒಣಗಿಸುತ್ತಾರೆ. ಎಲ್ಲಿಯಾದರೂ ಮದ್ದು ತಲುಪದೆ ಹೋದಲ್ಲಿ, ಮೊಳೆ ಅಲ್ಲಿಯೇ ಬಿದ್ದಾಗ ಕಾಡತೂಸು ಹಾರುವುದಿಲ್ಲ. ಸಾಂಪ್ರದಾಯಿಕ ಸಿಡಿಮದ್ದಿನಲ್ಲಿ ಸೀಸದ ಸಂಯುಕ್ತಗಳಿರುವುದರಿಂದ ಕೆಲಸಗಾರರಿಗೆ ಸ್ಫೋಟದ ಭಯವಲ್ಲದೆ ವಿಷದ ಭಯವೂ ಉಂಟು. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಕೊನೆಗೆ ಕೋವಿಮದ್ದನ್ನು ಅಳೆದು ತುಂಬಿ, ಗುಂಡನ್ನು ಕೂರಿಸಿ, ಕೋಶದ ಬಾಯನ್ನು ಬಿಗಿಸಿ, ಸಾಮಾನ್ಯವಾಗಿ 50ರಂತೆ ಪೆಟ್ಟಿಗೆಗಳಲ್ಲಿಡುತ್ತಾರೆ.

ಇನ್ನು ವೆಚ್ಚದ ವಿಚಾರ. ಸಾಮಾನ್ಯ ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ಕೋಶದ ತೂಕ ಸುಮಾರು 0.6 ಗ್ರಾಂ. ಉದಾಹರಣೆಗಾಗಿ ಸೀಸದ ಬೆಲೆಯನ್ನು ಟನ್ನಿಗೆ 2,000 ಡಾಲರ್, ಹಿತ್ತಾಳೆಯದನ್ನು 7,000 ಡಾಲರ್ ಎಂದಿಟ್ಟುಕೊಳ್ಳೋಣ. ಆಗ ಗುಂಡಿಗೆ ಅರ್ಧ ಸೆಂಟಿಗಿಂತ ತುಸು ಹೆಚ್ಚು, ಕೋಶಕ್ಕೆ ಅರ್ಧ ಸೆಂಟಿಗಿಂತ ತುಸು ಕಡಿಮೆ, ಒಟ್ಟು ಸುಮಾರು ಒಂದು ಸೆಂಟ್ ತಗಲುತ್ತದೆ. ತೂಕದಲ್ಲಿ ಗುಂಡಿನ ಕಾಲುಭಾಗವೂ ಇಲ್ಲದ ಕೋಶವು ಬೆಲೆಯಲ್ಲಿ ಅದಕ್ಕೆ ಹತ್ತಿರವಾಗಿ ನಿಲ್ಲುವುದು ಗಮನಾರ್ಹ. ಮೇಲಾಗಿ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಎಷ್ಟು ಒತ್ತಾಗಿ ಕತ್ತರಿಸಿದರೂ ನೂರಕ್ಕೆ 9 ಪಾಲಿಗಿಂತ ಹೆಚ್ಚು ತಗಡು ಚೂರಾಗಿ ಉಳಿಯುವುದೆಂದು ರೇಖಾಗಣಿತವೇ ಹೇಳುತ್ತದೆ. ಆ ಚೂರನ್ನು ಕರಗಿಸಿ ಮತ್ತೆ ಬಳಸಬೇಕಾಗುತ್ತದೆ.

ಲೋಹದ ಮೇಲೆ ಯಂತ್ರ, ಅಚ್ಚು, ಪರೀಕ್ಷೆ ಮತ್ತು ಸುರಕ್ಷತೆಯ ಖರ್ಚುಗಳು ಸೇರುತ್ತವೆ. ಇವುಗಳಲ್ಲಿ ಬಹುಭಾಗವು ಉತ್ಪಾದನೆ ಹೆಚ್ಚಿದರೂ ತಗ್ಗಿದರೂ ತಪ್ಪದ ಸ್ಥಿರವೆಚ್ಚ. ಕೋಟಿಗಟ್ಟಲೆ ಕಾಡತೂಸುಗಳ ಮೇಲೆ ಹಂಚಿದಾಗ ಮಾತ್ರ ಅದು ಹಗುರವಾಗುತ್ತದೆ. ಆದುದರಿಂದಲೇ ಬೇಡಿಕೆ ಏರಿದೊಡನೆ ಪೂರೈಕೆ ಏರದು. 2013ರಲ್ಲಿ ಅಮೆರಿಕದ ಗಿರಾಕಿಗಳು ಮುಗಿಬಿದ್ದು ಕೊಂಡಾಗ ಅಂಗಡಿಗಳು ಬರಿದಾದುವು. ಆ ಅಭಾವ ಬೇಗನೆ ನೀಗಲಿಲ್ಲ. ಬೇಡಿಕೆ ಇಳಿದಾಗ ನಿಷ್ಕ್ರಿಯವಾಗುವ ಯಂತ್ರಗಳಿಗೆ ಬಂಡವಾಳ ಹೂಡಲು ಯಾವ ಉದ್ಯಮಿಯೂ ಸುಲಭವಾಗಿ ಮುಂದಾಗುವುದಿಲ್ಲ.

ಬಿಡಿಯಾಗಿ ಅಗ್ಗವಾದ ವಸ್ತುವು ವ್ಯವಸ್ಥೆಯ ದೃಷ್ಟಿಯಿಂದ ಅಗ್ಗವಲ್ಲ. ಕಾಡತೂಸಿನ ಬೆಲೆ ಕೆಲವು ಸೆಂಟುಗಳಿರಬಹುದು. ಅದರ ಹಿಂದಿರುವ ಬಂಡವಾಳ, ಎಚ್ಚರಿಕೆ ಮತ್ತು ಅಪಾಯಗಳನ್ನೂ ಗಣಿಸಿದಾಗಲೇ ಉತ್ಪಾದನಾ ವೆಚ್ಚದ ನಿಜವಾದ ಅರ್ಥ ನಮಗೆ ಮನದಟ್ಟಾಗುತ್ತದೆ.